ಬಿಸಿ ಆರುವ ಲೆಕ್ಕ: ಅರೇಖೀಯ ಸಮೀಕರಣಗಳನ್ನು ಬಿಡಿಸುವ ಕ್ರಮಗಳ ತುಲನೆ

ಸ್ಮರಣಸಂಚಿಕೆಗಳಲ್ಲಿ ಹಳೆಯ ನೆನಪುಗಳೂ, ಶಾಲೆಯ ಚರಿತ್ರೆಯೂ, ಹಾಡುಗಬ್ಬಗಳೂ ಇರುವುದು ವಾಡಿಕೆ. ಅವುಗಳ ನಡುವೆ ಗಣಿತದ ಪಾಠವೊಂದನ್ನು ಇಡಲು ಹೊರಟಿರುವ ನಮ್ಮ ಸಾಹಸವನ್ನು ಪೂರ್ವವಿದ್ಯಾರ್ಥಿನಿಯರೂ ಪೋಷಕರೂ ಮನ್ನಿಸಬೇಕೆಂದು ಬೇಡುತ್ತೇವೆ. "ಹೆಣ್ಣುಮಕ್ಕಳಿಗೆ ಇಷ್ಟೊಂದು ಲೆಕ್ಕವೇತಕ್ಕೆ?" ಎಂದು ಕೇಳುತ್ತಿದ್ದ ತಂದೆತಾಯಿಗಳು ಹಿಂದೆ ಬಹುಮಂದಿ ಇದ್ದರು, ಈಗ ಅಂಥವರು ವಿರಳ. ಆದರೆ "ಸೂತ್ರ ಬಾಯಿಗೆ ಬಂದರೆ ಸಾಕು, ಅಂಕ ಬಿದ್ದರೆ ಸಾಕು" ಎನ್ನುವವರು ಇಂದಿಗೂ ಉಂಟು. ಮೊದಲನೆಯ ಪ್ರಶ್ನೆಗೆ ನಮ್ಮ ಪೂರ್ವವಿದ್ಯಾರ್ಥಿನಿಯರು ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟಿದ್ದಾರೆ. ಎರಡನೆಯ ಮಾತಿಗೆ ಉತ್ತರವಾಗಿ ಈ ಪಾಠವನ್ನು ಬರೆಯುತ್ತಿದ್ದೇವೆ. ಸೂತ್ರವೆಂಬುದು ಎಲ್ಲಿಯವರೆಗೆ ನಂಬತಕ್ಕದ್ದು, ಎಲ್ಲಿಂದಾಚೆಗೆ ನಂಬತಕ್ಕದ್ದಲ್ಲ ಎಂಬುದನ್ನು ಅರಿಯದವಳಿಗೆ ಸೂತ್ರವು ಬಂದೂ ಬಾರದಂತೆಯೇ ಸರಿ.

ದೃಷ್ಟಾಂತಕ್ಕೆ ದೂರ ಹೋಗಬೇಕಾಗಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ, ನೊಣವಿನಕೆರೆಯಂಥ ಊರುಗಳ ರೈತರ ಮನೆಗಳಲ್ಲಿ, ಅಟ್ಟವೆಂಬುದು ಮನೆಯ ಭಂಡಾರ. ಬಲಿತ ಕಾಯಿಗಳನ್ನು ಸಿಪ್ಪೆ ಸಹಿತವಾಗಿ ಅಲ್ಲಿ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಗಡಗಡ ಎನ್ನತೊಡಗಿದಾಗ ಉಂಡೆ ಕೊಬ್ಬರಿ ಸಿದ್ಧವಾದಂತೆ. ಒಣಸಿಪ್ಪೆ, ನಾರು, ಕರಟ, ಎಣ್ಣೆ ತುಂಬಿದ ಕೊಬ್ಬರಿ, ಇವೆಲ್ಲ ಬೆಂಕಿಗೆ ಬೇಗ ಒಲಿಯತಕ್ಕ ಪದಾರ್ಥಗಳು. ಇಂಥ ಮನೆಯಲ್ಲಿ ಕರಟದ ಕೆಂಡ ತುಂಬಿ ಬಟ್ಟೆ ಉಜ್ಜಿದ ಕಬ್ಬಿಣದ ಇಸ್ತ್ರಿ ಪೆಟ್ಟಿಗೆಯ ಕೆಂಡವನ್ನು ಸುರಿದು, ಬರಿಯ ಪೆಟ್ಟಿಗೆಯನ್ನು ಒಂದು ಕಡೆ ಇಟ್ಟರೆ, ಅದು ಎಷ್ಟು ಹೊತ್ತಿಗೆ ಆರೀತು? ಎಷ್ಟು ಹೊತ್ತಿನ ಮೇಲೆ ಅದನ್ನು ನಾರಿನ ಚೀಲದ ಬಳಿ ಇಡಬಹುದು? "ಆರಿರಬೇಕು" ಎಂದು ಮುಟ್ಟಿ ಕೈ ಸುಟ್ಟುಕೊಂಡವರು ನಮ್ಮಲ್ಲಿ ಎಷ್ಟೋ ಮಂದಿ. ಈ ಪ್ರಶ್ನೆಯನ್ನೇ ಗಣಿತದ ಮುಂದೆ ಇಡೋಣ.

1. ನ್ಯೂಟನ್ನನ ನಿಯಮ

ಸರ್ ಐಸಾಕ್ ನ್ಯೂಟನ್ 1701ರಲ್ಲಿ ಪ್ರಕಟಿಸಿದ ಲೇಖನವೊಂದರಿಂದ ಹುಟ್ಟಿದ ನಿಯಮ ಹೀಗಿದೆ: ಬಿಸಿ ವಸ್ತುವು ಸುತ್ತಣ ಗಾಳಿಗಿಂತ ಎಷ್ಟು ಡಿಗ್ರಿ ಹೆಚ್ಚು ಬಿಸಿಯಾಗಿದೆಯೋ, ಅದಕ್ಕೆ ಅನುಗುಣವಾದ ವೇಗದಲ್ಲಿ ಅದು ಆರುತ್ತದೆ. ಹೆಚ್ಚಳ ಇಮ್ಮಡಿಯಾದರೆ ಆರುವ ವೇಗವೂ ಇಮ್ಮಡಿ; ಅರ್ಧವಾದರೆ ಅರ್ಧ. ಇಂಥ ಸಂಬಂಧವನ್ನು ಚೌಕಳಿ ಕಾಗದದ ಮೇಲೆ ಬರೆದರೆ ಸರಳರೇಖೆ ಬರುವುದರಿಂದ ಇದಕ್ಕೆ ರೇಖೀಯ ಎಂದು ಹೆಸರು.

ಮೊದಲಿನ ಹೆಚ್ಚಳವನ್ನು 1 ಎಂದು ಇಟ್ಟುಕೊಂಡು, ಯಾವುದೇ ಕ್ಷಣದಲ್ಲಿ ಉಳಿದಿರುವ ಪಾಲನ್ನು 'ಉ' ಎಂದು ಕರೆಯೋಣ. ಕಾಲವನ್ನು 'ಕ' ಎನ್ನೋಣ. ಈ ರೇಖೀಯ ನಿಯಮದಂತೆ ಹೆಚ್ಚಳವು 1ರಿಂದ 0.368ಕ್ಕೆ, ಎಂದರೆ 2.718ರಲ್ಲಿ ಒಂದು ಪಾಲಿಗೆ, ಇಳಿಯಲು ಬೇಕಾಗುವ ಹೊತ್ತೇ ನಮ್ಮ ಕಾಲದ ಮಾನ. ಆಗ ನ್ಯೂಟನ್ನನ ಉತ್ತರವು, 1ನ್ನು 2.718ರ 'ಕ' ಘಾತದಿಂದ ಭಾಗಿಸಿದಷ್ಟು. ಈ ಉತ್ತರವು ಮುಂದೆ ಅಡಿಗಡಿಗೂ ಬೇಕಾಗುವುದರಿಂದ ಇದಕ್ಕೆ 'ಯ' ಎಂಬ ಹೆಸರಿಡುತ್ತೇವೆ.

2. ನಿಯಮವು ಬಾಗುವ ಸ್ಥಳಗಳು

ಅಂತರವು ಅಲ್ಪವಾಗಿರುವಾಗ ಮಾತ್ರ ಈ ನಿಯಮ ನಿಲ್ಲುತ್ತದೆಂಬುದನ್ನು ದ್ಯುಲಾಂಗ್ ಮತ್ತು ಪೆಟಿ ಎಂಬ ಫ್ರೆಂಚ್ ವಿಜ್ಞಾನಿಗಳು 1817ರಲ್ಲಿಯೇ ಪ್ರಯೋಗಗಳಿಂದ ತೋರಿಸಿದರು. ಕಾರಣಗಳು ಮುಖ್ಯವಾಗಿ ಮೂರು.

ಒಂದನೆಯದು, ಗಾಳಿಯ ಏರುವಿಕೆ. ಬಿಸಿ ವಸ್ತುವಿನ ಬಳಿಯ ಗಾಳಿ ಹಗುರಾಗಿ ಮೇಲೇಳುತ್ತದೆ. ವಸ್ತು ಬಿಸಿಯಾದಷ್ಟೂ ಗಾಳಿ ಜೋರಾಗಿ ಏಳುತ್ತದೆ. ಆದ್ದರಿಂದ ಶಾಖನಷ್ಟವು ಅಂತರಕ್ಕಿಂತ ತುಸು ವೇಗವಾಗಿ ಬೆಳೆಯುತ್ತದೆ.

ಎರಡನೆಯದು, ವಿಕಿರಣ. ವಸ್ತು ಹೊರಸೂಸುವ ಶಾಖವು ಅದರ ನಿರಪೇಕ್ಷ ಉಷ್ಣಮಾನದ ನಾಲ್ಕನೆಯ ಘಾತಕ್ಕೆ ಅನುಗುಣವೆಂದು ಸ್ಟೆಫಾನ್ 1879ರಲ್ಲಿ ಕಂಡುಕೊಂಡನು. ಬೋಲ್ಟ್ಸ್‌ಮನ್ 1884ರಲ್ಲಿ ಅದಕ್ಕೆ ಶಾಸ್ತ್ರಾಧಾರವನ್ನು ಕೊಟ್ಟನು. ನಿರಪೇಕ್ಷ ಮಾನದಲ್ಲಿ 300 ಡಿಗ್ರಿ ಇರುವ ವಸ್ತುವನ್ನು 500ಕ್ಕೆ ಕಾಯಿಸಿದರೆ, ಅದು ಸೂಸುವ ಶಾಖ 625ನ್ನು 81ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 7.7 ಮಡಿಯಾಗುತ್ತದೆ.

ಮೂರನೆಯದು, ವಿಶಿಷ್ಟೋಷ್ಣದ ಬದಲಾವಣೆ. ಒಂದು ಗ್ರಾಂ ವಸ್ತುವಿನ ಉಷ್ಣಮಾನ ಒಂದು ಡಿಗ್ರಿ ಏರಲು ಬೇಕಾದ ಶಾಖಕ್ಕೆ ವಿಶಿಷ್ಟೋಷ್ಣವೆಂದು ಹೆಸರು. ಪಾಠಪುಸ್ತಕದಲ್ಲಿ ಇದಕ್ಕೆ ಒಂದೇ ಸಂಖ್ಯೆ ಕೊಟ್ಟಿರುತ್ತದೆ. ವಾಸ್ತವವಾಗಿ ಇದು ಉಷ್ಣಮಾನದೊಡನೆ ಏರುತ್ತದೆ. ಕೋಣೆಯ ಉಷ್ಣಮಾನದಿಂದ ಸುಮಾರು 240 ಡಿಗ್ರಿಯವರೆಗೆ ಕಾಯಿಸಿದ ಕಬ್ಬಿಣದಲ್ಲಿ ಇದು ಐದರಲ್ಲೊಂದು ಪಾಲಿನಷ್ಟು ಹೆಚ್ಚುತ್ತದೆ. ಸೀಸದ ಕಡ್ಡಿಯೆಂದು ನಾವು ಕರೆಯುವ ಪೆನ್ಸಿಲ್ಲಿನೊಳಗಣ ಗ್ರಾಫೈಟಿನಲ್ಲಿಯಂತೂ 25 ಡಿಗ್ರಿಯಲ್ಲಿ ಗ್ರಾಮಿಗೆ 0.71 ಜೌಲ್ ಇದ್ದುದು 327 ಡಿಗ್ರಿಯಲ್ಲಿ ಸುಮಾರು 1.4 ಜೌಲ್ ಆಗುತ್ತದೆ, ಎಂದರೆ ಇಮ್ಮಡಿ! ಇಂಗಾಲದ ಈ ವಿಚಿತ್ರ ಸ್ವಭಾವವನ್ನು 1870ರ ದಶಕದಲ್ಲಿ ಹೈನ್ರಿಖ್ ವೆಬರ್ ಅಳೆದನು. ಮುಂದೆ ಅವನ ಬಳಿ ಓದಿದ ಐನ್‌ಸ್ಟೈನನೇ 1907ರಲ್ಲಿ ವಜ್ರದ ಅಂಕಿಗಳನ್ನು ಆಧಾರವಾಗಿಟ್ಟುಕೊಂಡು ಇದರ ಕಾರಣವನ್ನು ವಿವರಿಸಿದನು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮೊದಲಿನ ಎರಡು ಕಾರಣಗಳು ಬಿಸಿಯಾದ ವಸ್ತುವನ್ನು ಬೇಗ ಆರಿಸುತ್ತವೆ. ಮೂರನೆಯದು ತಡವಾಗಿ ಆರಿಸುತ್ತದೆ. ಬೇಗ ಆರಿದರೆ ಅಪಾಯವಿಲ್ಲ. ಆರಿದೆಯೆಂದು ಲೆಕ್ಕ ಹೇಳುವಾಗ ವಸ್ತು ಇನ್ನೂ ಬಿಸಿಯಾಗಿಯೇ ಇದ್ದರೆ ಅದು ಬೂದಿ ಮುಚ್ಚಿದ ಕೆಂಡದಂತೆಯೇ ಅಪಾಯಕರ. ಆದಕಾರಣ ಮೂರನೆಯ ಕಾರಣವೊಂದನ್ನೇ ಪ್ರತ್ಯೇಕಿಸಿ ಪರಿಶೀಲಿಸುತ್ತೇವೆ.

3. ನಮ್ಮ ಸಮೀಕರಣ

ಹೆಚ್ಚಳವು ಪೂರ್ತಿಯಾಗಿರುವಾಗ ವಿಶಿಷ್ಟೋಷ್ಣವು ಎಷ್ಟು ಪಾಲು ಅಧಿಕವಾಗಿದೆಯೋ ಅದನ್ನು 'ಅ' ಎನ್ನೋಣ. ಕಬ್ಬಿಣದ ಮೇಲಿನ ದೃಷ್ಟಾಂತದಲ್ಲಿ ಅ = 0.2; ಗ್ರಾಫೈಟಿನಲ್ಲಿ ಅ = 1. ಹೆಚ್ಚಳವು ಬದಲಾಗುವ ವೇಗವನ್ನು 'ವ' ಎಂದರೆ, ಸಮೀಕರಣವು ಹೀಗಾಗುತ್ತದೆ:

(1 + ಅ × ಉ) × ವ = − ಉ

ಋಣಚಿಹ್ನೆಯು ಇಳಿತವನ್ನು ಸೂಚಿಸುತ್ತದೆ. ಅ ಸೊನ್ನೆಯಾದರೆ ಇದೇ ನ್ಯೂಟನ್ನನ ನಿಯಮ. ಅ ಸೊನ್ನೆಯಲ್ಲದಿದ್ದರೆ ಎಡಗಡೆಯಲ್ಲಿ ಉ ಮತ್ತು ವ ಎಂಬ ಎರಡು ಅಜ್ಞಾತಗಳು ಪರಸ್ಪರ ಗುಣಿಸಿಕೊಳ್ಳುತ್ತವೆ. ಈ ಗುಣಾಕಾರವೇ ಸಮೀಕರಣವನ್ನು ಅರೇಖೀಯವನ್ನಾಗಿ ಮಾಡುವುದು. ರೇಖೀಯ ಸಮೀಕರಣದ ಎರಡು ಉತ್ತರಗಳನ್ನು ಕೂಡಿದರೆ ಮೂರನೆಯ ಉತ್ತರ ಬರುತ್ತದೆ. ಅರೇಖೀಯದಲ್ಲಿ ಈ ಸೌಕರ್ಯವಿಲ್ಲ.

ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ಇಷ್ಟಕರ್ಮವೆಂಬ ಕ್ರಮವೊಂದುಂಟು. ಅಜ್ಞಾತ ಸಂಖ್ಯೆಗೆ ಬದಲಾಗಿ ಮನಸ್ಸಿಗೆ ಬಂದ ಒಂದು ಸಂಖ್ಯೆಯನ್ನು ಹಿಡಿದು, ಲೆಕ್ಕ ಮಾಡಿ, ಬಂದ ಫಲಕ್ಕೂ ಬೇಕಾದ ಫಲಕ್ಕೂ ಇರುವ ಪ್ರಮಾಣದಿಂದ ಅದನ್ನು ತಿದ್ದಿಕೊಳ್ಳುವುದೇ ಈ ಕ್ರಮ. ಸಂಬಂಧವು ಸರಳವಾದ ಅನುಪಾತವಾಗಿರುವಲ್ಲಿ ಒಂದೇ ತಿದ್ದುಪಡಿಗೆ ಸರಿಯುತ್ತರ ಸಿಕ್ಕಿಬಿಡುತ್ತದೆ. ಅರೇಖೀಯವಾದಲ್ಲಿ ಒಂದು ತಿದ್ದುಪಡಿ ಸಾಲದು. ತಿದ್ದಿದುದನ್ನು ಮತ್ತೆ ತಿದ್ದಬೇಕು. ಮುಂದೆ ಹೇಳುವ ಕ್ರಮಗಳೆಲ್ಲ, ಈ ತಿದ್ದುಪಡಿಗಳನ್ನು ಹೇಗೆ ಮಾಡಬೇಕೆಂಬುದರಲ್ಲಿ ಮಾತ್ರ ಒಂದರಿಂದೊಂದು ಭಿನ್ನವಾಗಿವೆ.

4. ಮೊದಲನೆಯ ಕ್ರಮ: ಪೂರ್ಣವಾಗಿ ಬಿಡಿಸುವುದು

ನಮ್ಮ ಅದೃಷ್ಟಕ್ಕೆ ಈ ಸಮೀಕರಣವನ್ನು ಪೂರ್ಣವಾಗಿ ಬಿಡಿಸಬಹುದು. ಉ ಇರುವ ಪದಗಳನ್ನೆಲ್ಲ ಒಂದು ಕಡೆಗೂ ಕಾಲವನ್ನು ಇನ್ನೊಂದು ಕಡೆಗೂ ಬೇರ್ಪಡಿಸಿ ಸಮಾಕಲನ ಮಾಡಿದರೆ ದೊರೆಯುವುದು:

ಕ = ಅ × (1 − ಉ) − (ಉ ಎಂಬುದರ ಸ್ವಾಭಾವಿಕ ಲಾಗರಿತಮ್)

ಇದರ ಗುಣವೂ ದೋಷವೂ ಒಂದೇ ಸ್ಥಳದಲ್ಲಿವೆ. "ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು ಬೇಕು?" ಎಂದರೆ ತಕ್ಷಣ ಉತ್ತರ ಕೊಡುತ್ತದೆ: 0.5ರ ಲಾಗರಿತಮ್ − 0.693; ಆದ್ದರಿಂದ ಅ = 1 ಆದಾಗ ಕ = 0.5 + 0.693 = 1.193. ಆದರೆ "ಇಷ್ಟು ಹೊತ್ತಿನ ಮೇಲೆ ಎಷ್ಟು ಬಿಸಿ ಉಳಿದೀತು?" ಎಂದು ತಿರುಗಿಸಿ ಕೇಳಿದರೆ, ಉ ಲಾಗರಿತಮಿನ ಒಳಗೂ ಹೊರಗೂ ಸಿಕ್ಕಿಕೊಂಡಿರುವುದರಿಂದ ಸಾಮಾನ್ಯ ಬೀಜಗಣಿತದಿಂದ ಬಿಡಿಸಿಕೊಳ್ಳಲಾಗದು. ಲ್ಯಾಂಬರ್ಟನ ಹೆಸರಿನ ವಿಶೇಷ ಫಲನವೊಂದು ಇದಕ್ಕೆ ಬೇಕಾಗುತ್ತದೆ.

ನಿಜವಾದ ಉತ್ತರ ಕೈಯಲ್ಲಿರುವುದರಿಂದ ಉಳಿದ ಕ್ರಮಗಳನ್ನು ಇದರ ಒರೆಗಲ್ಲಿಗೆ ಹಚ್ಚಿ ನೋಡಬಹುದು. ಬಹುಪಾಲು ಅರೇಖೀಯ ಸಮೀಕರಣಗಳಲ್ಲಿ ಇಂಥ ಒರೆಗಲ್ಲು ದೊರೆಯುವುದಿಲ್ಲ. ಆದ್ದರಿಂದಲೇ ದೊರೆತ ಸ್ಥಳದಲ್ಲಿ ಚೆನ್ನಾಗಿ ಉಜ್ಜಿ ನೋಡಿಕೊಳ್ಳಬೇಕು.

5. ಎರಡನೆಯ ಕ್ರಮ: ಕ್ಷೋಭಾಕ್ರಮ

ಗ್ರಹಗಳ ಚಲನೆಯನ್ನು ಲೆಕ್ಕ ಹಾಕಲು ಜ್ಯೋತಿಶ್ಶಾಸ್ತ್ರಜ್ಞರು ಬೆಳೆಸಿದ ಕ್ರಮವಿದು. ಭೂಮಿಯನ್ನು ಮುಖ್ಯವಾಗಿ ಸೆಳೆಯುವುದು ಸೂರ್ಯ. ಗುರುಗ್ರಹದ ಸೆಳೆತವು ಅಲ್ಪ ಕ್ಷೋಭೆ. ಮೊದಲು ಸೂರ್ಯನೊಬ್ಬನೇ ಇರುವಂತೆ ಲೆಕ್ಕ ಮಾಡಿ, ಆಮೇಲೆ ಅಲ್ಪವಾದುದನ್ನು ತಿದ್ದುಪಡಿಯಾಗಿ ಸೇರಿಸುವುದು ಇದರ ತತ್ವ. ಹಾಗೆಯೇ ಇಲ್ಲಿ 'ಅ'ವನ್ನು ಅಲ್ಪವೆಂದು ಭಾವಿಸಿ, ಉತ್ತರವನ್ನು ಅ, ಅ ವರ್ಗ, ಅ ಘನ, ಹೀಗೆ ಶ್ರೇಣಿಯಾಗಿ ಬರೆಯುತ್ತೇವೆ. ಸಮೀಕರಣದಲ್ಲಿ ಇಟ್ಟು ಬಿಡಿಸಿದರೆ ಬರುವ ಮೊದಲ ಮೂರು ಪದಗಳು:

ಉ = ಯ + ಅ × (ಯ − ಯ²) + ಅ² × (0.5 ಯ − 2 ಯ² + 1.5 ಯ³)

ಕಬ್ಬಿಣಕ್ಕೆ ಇದನ್ನು ಪ್ರಯೋಗಿಸೋಣ. ಅ = 0.2 ಆದಾಗ ನಿಜವಾಗಿ ಅರ್ಧ ಬಿಸಿ ಉಳಿಯುವುದು ಕ = 0.793ರಲ್ಲಿ. ಆ ಹೊತ್ತಿಗೆ ನ್ಯೂಟನ್ನನ ಉತ್ತರ 0.452. ಒಂದು ತಿದ್ದುಪಡಿ ಮಾಡಿದರೆ 0.502. ಎರಡು ಮಾಡಿದರೆ 0.5002. ನಿಜವಾದುದು 0.5000! ಇಸ್ತ್ರಿ ಪೆಟ್ಟಿಗೆಗೆ ಇದಕ್ಕಿಂತ ಹೆಚ್ಚಿನ ನಿಖರತೆ ಯಾರಿಗೆ ಬೇಕು? ಕ್ಷೋಭೆ ಅಲ್ಪವಾಗಿದ್ದಲ್ಲಿ ಈ ಕ್ರಮ ಅಮೃತಪ್ರಾಯವೆಂಬುದರಲ್ಲಿ ಸಂದೇಹವಿಲ್ಲ.

6. ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ

ಇಷ್ಟನ್ನು ಕಂಡು ಹಿಗ್ಗಿದ ನಾವು ಒಮ್ಮೆ ತರಗತಿಯಲ್ಲಿ ಈ ಸೂತ್ರದ ಮೊದಲ ಎರಡು ಪದಗಳನ್ನು ಕರಿಹಲಗೆಯ ಮೇಲೆ ಬರೆದು, ಅ = 2 ಎಂದಿಟ್ಟುಕೊಂಡು ನಕ್ಷೆ ಬರೆಯಿರೆಂದು ಮಕ್ಕಳಿಗೆ ಅಭ್ಯಾಸ ಕೊಟ್ಟೆವು. ಆ ಬೆಲೆಗೆ ಸೂತ್ರ ನಿಲ್ಲುತ್ತದೆಯೇ ಎಂದು ನಾವು ಮೊದಲು ನೋಡಿಕೊಂಡಿರಲಿಲ್ಲ. ಎಲ್ಲರೂ ತಲೆ ಬಗ್ಗಿಸಿ ಬರೆಯುತ್ತಿದ್ದರು. ನೊಣವಿನಕೆರೆಯ ಕಡೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಮಾತ್ರ ಬರೆಯುವುದನ್ನು ನಿಲ್ಲಿಸಿ ಎದ್ದು ನಿಂತಳು.

"ಟೀಚರ್, ನನ್ನ ಲೆಕ್ಕ ತಪ್ಪಾಗಿರಬೇಕು. ಒಲೆಯಿಂದ ಇಳಿಸಿದ ಮೇಲೆ ಬಿಸಿ ಇನ್ನೂ ಏರುತ್ತಾ ಇದೆ. ನಮ್ಮ ಮನೆಯ ದೋಸೆ ಕಾವಲಿ ಯಾವತ್ತೂ ಹಾಗೆ ಮಾಡಿಲ್ಲ."

ತರಗತಿಯೆಲ್ಲ ನಕ್ಕಿತು. ನಾವು ಅವಳ ಪುಸ್ತಕವನ್ನು ತೆಗೆದುಕೊಂಡು ನೋಡಿದೆವು. ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಅ = 2 ಆದಾಗ ಎರಡು ಪದಗಳ ಸೂತ್ರವು 3 ಯ − 2 ಯ² ಎಂದಾಗುತ್ತದೆ. ಯ = 0.75 ಆದಾಗ ಅದರ ಬೆಲೆ 1.125. ಸುತ್ತಣ ಗಾಳಿಗಿಂತ ಬಿಸಿಯಾದ ವಸ್ತುವು ತನ್ನಷ್ಟಕ್ಕೆ ತಾನೇ, ಇಳಿಸಿದಾಗ ಇದ್ದ ಬಿಸಿಗಿಂತ ಎಂಟರಲ್ಲೊಂದು ಪಾಲು ಹೆಚ್ಚು ಬಿಸಿಯಾಗುವುದೆಂದು ಸೂತ್ರ ಹೇಳುತ್ತಿತ್ತು! ತಪ್ಪಿದ್ದವಳು ಹುಡುಗಿಯಲ್ಲ, ಸೂತ್ರವನ್ನು ಅದರ ಎಲ್ಲೆಯ ಆಚೆಗೆ ಎಳೆದ ನಾವು.

ಏಕೆ ಹೀಗಾಯಿತೆಂಬುದನ್ನು ಪ್ರೌಢಶಾಲೆಯ ಗಣಿತದಿಂದಲೇ ತಿಳಿಯಬಹುದು. ಆರಂಭದಲ್ಲಿ ಉ = 1. ಸಮೀಕರಣದಲ್ಲಿ ಇಟ್ಟರೆ, ಆರಂಭದ ನಿಜವಾದ ವೇಗವು − 1 ÷ (1 + ಅ). ಕ್ಷೋಭಾಕ್ರಮವು ಇದನ್ನು ಗುಣೋತ್ತರ ಶ್ರೇಣಿಯಾಗಿ ಬಿಡಿಸಿ, − (1 − ಅ + ಅ² − ಅ³ + ...) ಎಂದು ಬರೆಯುತ್ತದೆ. ಅ = 0.2 ಆದಾಗ ಈ ಶ್ರೇಣಿಯು ಬೇಗ ನೆಲೆಗೊಳ್ಳುತ್ತದೆ. ಅ = 1 ಆದಾಗ ಮೊತ್ತವು 1, 0, 1, 0 ಎಂದು ತೂಗಾಡುತ್ತದೆಯೇ ಹೊರತು ನಿಜವಾದ ಅರ್ಧಕ್ಕೆ ಎಂದಿಗೂ ಬರುವುದಿಲ್ಲ. ಅ = 2 ಆದಾಗ 1, − 1, 3, − 5 ಎಂದು ಹುಚ್ಚೆದ್ದು ಓಡುತ್ತದೆ. ಇಲ್ಲಿ ಹೆಚ್ಚು ಪದಗಳನ್ನು ಸೇರಿಸಿದಷ್ಟೂ ಕೇಡು ಹೆಚ್ಚು. ಕೆಲಸ ಹೆಚ್ಚು ಮಾಡಿದರೆ ಉತ್ತರವೂ ಉತ್ತಮವಾಗುವುದೆಂಬ ಸಾಮಾನ್ಯ ನಂಬಿಕೆಗೆ ಇದೊಂದು ಎಚ್ಚರಿಕೆ.

7. ಮೂರನೆಯ ಕ್ರಮ: ಹೋಮೋಟೊಪಿ

ಕುಂಬಾರನ ಕೈಯಲ್ಲಿ ಮಣ್ಣಿನ ಮುದ್ದೆಯು ಎಲ್ಲಿಯೂ ಹರಿಯದೆ ಮೆಲ್ಲಮೆಲ್ಲನೆ ಮಡಕೆಯಾಗುತ್ತದೆ. ಹೀಗೆ ಒಂದು ರೂಪವು ಇನ್ನೊಂದಕ್ಕೆ ಅವಿಚ್ಛಿನ್ನವಾಗಿ ಬದಲಾಗುವುದನ್ನು ಗಣಿತಜ್ಞರು ಹೋಮೋಟೊಪಿ ಎನ್ನುತ್ತಾರೆ. ಚೀನ ದೇಶದ ಲಿಯಾವೋ ಷಿಜುನ್ ಎಂಬ ವಿದ್ವಾಂಸರು 1992ರಲ್ಲಿ ಈ ಭಾವನೆಯನ್ನು ಅರೇಖೀಯ ಸಮೀಕರಣಗಳಿಗೆ ತಂದರು. ಬಿಡಿಸಲು ಬರುವ ಸುಲಭ ಸಮೀಕರಣದಿಂದ ಹೊರಟು, ಅದನ್ನು ಹಂತಹಂತವಾಗಿ ಕಠಿಣ ಸಮೀಕರಣವಾಗಿ ಬದಲಾಯಿಸುತ್ತ, ಉತ್ತರವನ್ನೂ ಜೊತೆಯಲ್ಲಿಯೇ ಕರೆದೊಯ್ಯುವುದು ಇವರ ಉಪಾಯ. ಅದೇ ದೇಶದ ಹೆ ಜಿ-ಹುವಾನ್ ಎಂಬವರು 1999ರಲ್ಲಿ ಇದಕ್ಕೆ ಸಮೀಪವಾದ ಹೋಮೋಟೊಪಿ ಕ್ಷೋಭಾಕ್ರಮವನ್ನು ಪ್ರಕಟಿಸಿದರು.

ಲಿಯಾವೋ ಅವರ ಕ್ರಮದ ವಿಶೇಷವೆಂದರೆ ಎತ್ತಿನ ಮೂಗುದಾರದಂತಿರುವ ಒಂದು ಸಂಖ್ಯೆ. ಅದನ್ನು 'ಹ' ಎನ್ನೋಣ. ಅವರು ಇದನ್ನು ಋಣಚಿಹ್ನೆಯೊಡನೆ ಬರೆಯುತ್ತಾರೆ. ನಾವು ಸೌಕರ್ಯಕ್ಕಾಗಿ ಧನವಾಗಿ ಬರೆಯುತ್ತೇವೆ. ಕ್ಷೋಭಾಕ್ರಮವು ಪ್ರತಿಸಲವೂ ತಿದ್ದುಪಡಿಯನ್ನು ಪೂರ್ತಿಯಾಗಿ ಸುರಿಯುತ್ತದೆ. ಲಿಯಾವೋ ಕ್ರಮವು ಅದರ ಒಂದು ಪಾಲನ್ನಷ್ಟೇ, ಎಂದರೆ 'ಹ'ದಷ್ಟನ್ನು ಮಾತ್ರ, ಹಾಕಿ ನೋಡುತ್ತದೆ. ಸಾರಿಗೆ ಉಪ್ಪು ಹಾಕುವ ಜಾಣೆಯ ರೀತಿಯಿದು: ಒಮ್ಮೆಗೇ ಸುರಿದರೆ ತೆಗೆಯಲಾಗದು; ಅಷ್ಟಷ್ಟೇ ಹಾಕಿ ರುಚಿ ನೋಡಬೇಕು. ಮೊದಲನೆಯ ತಿದ್ದುಪಡಿಯ ಮೇಲೆ ಉತ್ತರವು:

ಉ = ಯ + ಹ × ಅ × (ಯ − ಯ²)

ಹ = 1 ಎಂದಿಟ್ಟರೆ ಹಿಂದಿನ ಕ್ಷೋಭಾಕ್ರಮವೇ ಬರುತ್ತದೆ. ಹಾಗಾದರೆ ಹ ಎಷ್ಟಿರಬೇಕು? ಆರಂಭದ ವೇಗವು ನಿಜವಾದ ವೇಗಕ್ಕೆ ಸರಿಯಾಗಿರಬೇಕೆಂದು ನಾವು ಕೇಳಿಕೊಂಡರೆ, ಹ = 1 ÷ (1 + ಅ) ಎಂದು ಸಿಗುತ್ತದೆ. ಅ = 1 ಆದಾಗ ಹ = 0.5, ತಿದ್ದುಪಡಿಯ ಅರ್ಧ ಮಾತ್ರ. ಅ = 2 ಆದಾಗ ಮೂರರಲ್ಲೊಂದು ಪಾಲು. ಆಗ ಕಾವಲಿಯು ತಾನಾಗಿ ಬಿಸಿಯಾಗುವ ಅಸಂಗತವು ತಪ್ಪುತ್ತದೆ.

ನಮ್ಮ ಈ ಸಮೀಕರಣವನ್ನೇ ಇರಾನ್ ದೇಶದ ಗಾಂಜಿ ಎಂಬವರು 2006ರಲ್ಲಿ ಹೆ ಅವರ ಕ್ರಮದಿಂದ ಬಿಡಿಸಿದರು. ಅದರ ಫಲವು ಈ ಸಮೀಕರಣದಲ್ಲಿ ಕ್ಷೋಭಾಶ್ರೇಣಿಯೇ. ಅದೇ ವರ್ಷ ಅದೇ ದೇಶದ ಅಬ್ಬಾಸ್‌ಬಂದಿ ಎಂಬವರು ಲಿಯಾವೋ ಕ್ರಮದಿಂದ ಬಿಡಿಸಿ, ಹಿಂದಿನದು ಇದರ ಒಂದು ವಿಶೇಷ ಪ್ರಸಂಗವೆಂದು ತೋರಿಸಿದರು. ಹೊಸ ಹೆಸರು ಕೇಳಿದ ಮಾತ್ರಕ್ಕೆ ಕ್ರಮವೂ ಹೊಸದೆಂದು ಭಾವಿಸಬಾರದೆಂಬುದು ಇದರಿಂದ ಕಲಿಯತಕ್ಕ ಪಾಠ.

8. ಒರೆಗಲ್ಲಿನ ಮೇಲೆ

ಅ = 1 ಎಂದಿಟ್ಟುಕೊಂಡು, ಗ್ರಾಫೈಟಿನಂಥ ವಸ್ತುವಿಗೆ ನಾವೇ ಲೆಕ್ಕ ಹಾಕಿದ ಪಟ್ಟಿಯನ್ನು ಕೆಳಗೆ ಕೊಟ್ಟಿದೆ. ಲಿಯಾವೋ ಕ್ರಮದಲ್ಲಿ ಹ = 0.5.

| ಕಾಲ | ನಿಜವಾದ ಉತ್ತರ | ನ್ಯೂಟನ್ | ಕ್ಷೋಭೆ, 1 ತಿದ್ದುಪಡಿ | ಕ್ಷೋಭೆ, 2 ತಿದ್ದುಪಡಿ | ಲಿಯಾವೋ, 1 ತಿದ್ದುಪಡಿ | ಲಿಯಾವೋ, 2 ತಿದ್ದುಪಡಿ |
|---|---|---|---|---|---|---|
| 0.205 | 0.900 | 0.814 | 0.966 | 0.856 | 0.890 | 0.900 |
| 0.657 | 0.700 | 0.519 | 0.768 | 0.699 | 0.643 | 0.688 |
| 1.193 | 0.500 | 0.303 | 0.515 | 0.524 | 0.409 | 0.464 |
| 3.203 | 0.100 | 0.041 | 0.080 | 0.097 | 0.060 | 0.074 |

ಪಟ್ಟಿಯನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇವೆ. ಮೊದಲನೆಯ ಸಾಲಿನಲ್ಲಿ, ಎಂದರೆ ಆರತೊಡಗಿದ ಹೊಸದರಲ್ಲಿ, ಲಿಯಾವೋ ಕ್ರಮಕ್ಕೆ ಸಾಟಿಯಿಲ್ಲ. ಕ್ಷೋಭಾಕ್ರಮವು ಮೇಲಕ್ಕೂ ಕೆಳಕ್ಕೂ ತೂಗಾಡುತ್ತಿದೆ. ಆದರೆ ಕೊನೆಯ ಎರಡು ಸಾಲುಗಳಲ್ಲಿ ಕಥೆ ತಿರುಗುತ್ತದೆ. ಹಳೆಯ ಕ್ಷೋಭಾಕ್ರಮವೇ ನಿಜಕ್ಕೆ ಹತ್ತಿರವಾಗಿದ್ದು, ಹೊಸ ಕ್ರಮವು ಹಿಂದೆ ಬಿದ್ದಿದೆ! ಇದಕ್ಕೂ ಕಾರಣವುಂಟು. ಬಹಳ ಹೊತ್ತಾದ ಮೇಲೆ ನಿಜವಾದ ಉತ್ತರವು ನ್ಯೂಟನ್ನನ ಉತ್ತರದ 2.718 ಮಡಿಯಾಗುತ್ತದೆ. ಕ್ಷೋಭಾಕ್ರಮವು ಇದನ್ನು 1, 2, 2.5 ಎಂದು ಬೇಗ ಸಮೀಪಿಸುತ್ತದೆ. ಅರ್ಧರ್ಧವಾಗಿ ಹೆಜ್ಜೆಯಿಡುವ ಲಿಯಾವೋ ಕ್ರಮವು 1, 1.5, 1.875 ಎಂದು ನಿಧಾನವಾಗಿ ಬರುತ್ತದೆ. ನಾವು ಮೂಗುದಾರವನ್ನು ಆರಂಭದ ವೇಗಕ್ಕೆ ಸರಿಹೊಂದಿಸಿದೆವು. ಅದರಿಂದ ಆರಂಭ ಸರಿಹೋಯಿತು. ಅಂತ್ಯವನ್ನು ಸರಿಪಡಿಸಬೇಕಾದರೆ ಇನ್ನಷ್ಟು ತಿದ್ದುಪಡಿಗಳು ಬೇಕು, ಇಲ್ಲವೆ 'ಹ'ವನ್ನು ಬೇರೆಯಾಗಿ ಆರಿಸಬೇಕು.

ಎಲ್ಲ ಕಾಲಕ್ಕೂ ಎಲ್ಲ ವಸ್ತುವಿಗೂ ಶ್ರೇಷ್ಠವಾದ ಕ್ರಮವೆಂಬುದು ಈ ಪಟ್ಟಿಯಲ್ಲಿಲ್ಲ. ನೇರವಾದ ನ್ಯೂಟನ್ ಲೆಕ್ಕವು ಎಲ್ಲ ಸಾಲುಗಳಲ್ಲಿಯೂ ಕೆಳಗಡೆಗೆ, ಎಂದರೆ ಅಪಾಯದ ಕಡೆಗೆ, ತಪ್ಪಿದೆ. ಮೂರನೆಯ ಸಾಲನ್ನು ಡಿಗ್ರಿಗಳಿಗೆ ತಿರುಗಿಸಿ ನೋಡಿ. ಸುತ್ತಣ ಗಾಳಿ 27 ಡಿಗ್ರಿ, ವಸ್ತು ಮೊದಲು 327 ಡಿಗ್ರಿ ಇದ್ದರೆ, ನ್ಯೂಟನ್ ಲೆಕ್ಕವು "ಈಗ 118 ಡಿಗ್ರಿ" ಎನ್ನುವಾಗ ಅದು, ವಿಶಿಷ್ಟೋಷ್ಣದ ಬದಲಾವಣೆಯೊಂದನ್ನೇ ಗಣಿಸಿದರೂ, 177 ಡಿಗ್ರಿ ಇರುತ್ತದೆ. 59 ಡಿಗ್ರಿಯ ವ್ಯತ್ಯಾಸ! ನಾರಿನ ಚೀಲದ ಪಕ್ಕದಲ್ಲಿ ಇಂಥ ವ್ಯತ್ಯಾಸವು ಕಾಗದದ ಮೇಲಿನ ಮಾತಾಗಿ ಉಳಿಯುವುದಿಲ್ಲ.

9. ಈ ವಿದ್ಯೆಯ ಉಪಯೋಗ

ಕಂಪ್ಯೂಟರುಗಳು ಇಂಥ ಸಮೀಕರಣಗಳನ್ನು ಈಗ ಕಣ್ಣೆವೆ ಇಕ್ಕುವುದರೊಳಗೆ ಅಂಕಿಗಳಲ್ಲಿ ಬಿಡಿಸಿಕೊಡುತ್ತವೆ. ಆದರೂ ಸೂತ್ರರೂಪದ ಕ್ರಮಗಳನ್ನು ವಿದ್ವಾಂಸರು ಕೈಬಿಟ್ಟಿಲ್ಲ. ಅಂಕಿಯು ಒಂದು ಸಂದರ್ಭದ ಉತ್ತರವನ್ನು ಹೇಳುತ್ತದೆ; ಸೂತ್ರವು ಕಾರಣವೊಂದು ಬದಲಾದರೆ ಉತ್ತರ ಹೇಗೆ ಬದಲಾಗುವುದೆಂಬುದನ್ನು ತೋರಿಸುತ್ತದೆ. ಯಂತ್ರದ ಉತ್ತರ ಸರಿಯೇ ಎಂದು ಪರೀಕ್ಷಿಸಲೂ ಅದೇ ಸಾಧನ.

ನಮ್ಮ ನಾಡಿನಲ್ಲಿಯೂ ಈ ವಿದ್ಯೆಗೆ ನೆಲೆಯುಂಟು. ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಎನ್. ರುದ್ರಯ್ಯನವರು ದ್ರವಗಳಲ್ಲಿ ಶಾಖವು ಸಾಗುವ ವಿಷಯವಾಗಿ ದೀರ್ಘಕಾಲ ಸಂಶೋಧನೆ ನಡೆಸಿದರು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದ ಗಣಿತ ವಿಭಾಗದಲ್ಲಿ, ಯಂತ್ರಗಳನ್ನು ತಂಪುಮಾಡಲು ಜೋಡಿಸುವ ಲೋಹದ ರೆಕ್ಕೆಗಳಲ್ಲಿ ಶಾಖ ಹರಿಯುವುದನ್ನು ಕುರಿತ ಅರೇಖೀಯ ಸಮೀಕರಣಗಳ ಅಭ್ಯಾಸ ನಡೆದಿದೆ. ಬೆಂಗಳೂರಿನ ಪೀಣ್ಯದಲ್ಲಿ ನಿರ್ಮಾಣವಾಗಿ 1975ನೆಯ ಏಪ್ರಿಲ್ 19ರಂದು ಆಕಾಶಕ್ಕೇರಿದ ಆರ್ಯಭಟವೂ, ನೆರೆಯ ಹಾಸನದ ನಿಯಂತ್ರಣ ಕೇಂದ್ರವು ನೋಡಿಕೊಳ್ಳುವ ಉಪಗ್ರಹಗಳೂ ಗಾಳಿಯಿಲ್ಲದ ಬಯಲಿನಲ್ಲಿ ಸುತ್ತತಕ್ಕವು. ಅಲ್ಲಿ ಶಾಖವನ್ನು ಹೊರಹಾಕಲು ವಿಕಿರಣವೊಂದೇ ದಾರಿ. ಸ್ಟೆಫಾನನ ನಾಲ್ಕನೆಯ ಘಾತದಿಂದ ತಪ್ಪಿಸಿಕೊಳ್ಳುವಂತಿಲ್ಲ. ನಮ್ಮ ಕಾವಲಿಯ ಲೆಕ್ಕವೂ ಉಪಗ್ರಹದ ಲೆಕ್ಕವೂ ಒಂದೇ ಕುಲದವು.

10. ಉಪಸಂಹಾರ

ಈ ಪಾಠದ ಸಾರವನ್ನು ಮೂರು ಮಾತುಗಳಲ್ಲಿ ಹೇಳುತ್ತೇವೆ. ಪೂರ್ಣವಾದ ಉತ್ತರ ಸಿಕ್ಕುವಲ್ಲಿ ಅದನ್ನು ಬಿಡಬಾರದು. ಅರೇಖೀಯತೆ ಅಲ್ಪವಾಗಿದ್ದಲ್ಲಿ ಕ್ಷೋಭಾಕ್ರಮವೇ ಸಾಕು, ಹೊಸದರ ಹೆಸರಿಗೆ ಮರುಳಾಗಬೇಕಾಗಿಲ್ಲ. ಅದು ಅಧಿಕವಾಗಿದ್ದಲ್ಲಿ ತಿದ್ದುಪಡಿಗೆ ಮೂಗುದಾರ ಹಾಕುವ ಕ್ರಮ ಬೇಕು. ಅದನ್ನೂ ಆರಂಭದಲ್ಲಿಯೂ ಅಂತ್ಯದಲ್ಲಿಯೂ ಪರೀಕ್ಷಿಸಿಯೇ ನಂಬಬೇಕು.

ಪೋಷಕರಲ್ಲಿ ನಮ್ಮದೊಂದು ಅರಿಕೆ. ಅಂದು ಎದ್ದು ನಿಂತ ಹುಡುಗಿಗೆ ಸೂತ್ರದ ಮೂಲ ತಿಳಿದಿರಲಿಲ್ಲ. ಕಾವಲಿಯ ಸ್ವಭಾವ ಚೆನ್ನಾಗಿ ತಿಳಿದಿತ್ತು. ಕರಿಹಲಗೆಯ ಮೇಲೆ ಬರೆದುದಕ್ಕಿಂತ ಕಣ್ಣಾರೆ ಕಂಡುದನ್ನು ಹಿಡಿದು ಕೇಳುವ ಧೈರ್ಯವಿತ್ತು. "ನನ್ನ ಲೆಕ್ಕ ತಪ್ಪಾಗಿರಬೇಕು" ಎಂದು ಅವಳು ಮೊದಲು ತನ್ನನ್ನೇ ಶಂಕಿಸಿಕೊಂಡಳು. ಅದು ವಿನಯ, ಆದರೆ ಶಂಕೆಯನ್ನು ನುಂಗಿಕೊಂಡು ಕುಳಿತುಬಿಡಲಿಲ್ಲ. ಮನೆಯಲ್ಲಿ ಮಗಳು "ಇದು ಹೇಗೆ ಸಾಧ್ಯ?" ಎಂದು ಕೇಳಿದಾಗ ಗದರಿಸದೆ, ಅವಳೊಡನೆ ಕುಳಿತು ನೋಡಿರಿ. ಅಂಕಗಳನ್ನು ಶಾಲೆಯು ಕೊಡಬಲ್ಲುದು. ಕೇಳುವ ಧೈರ್ಯಕ್ಕೆ ಮನೆಯೂ ನೀರೆರೆಯಬೇಕು. ಅವಳು ಅಂದು ಕೇಳದೆ ಇದ್ದಿದ್ದರೆ ನಾವು ಆ ತಪ್ಪನ್ನು ಇಂದಿಗೂ ಕಲಿಸುತ್ತಿದ್ದೆವೇನೋ.

ಅಭ್ಯಾಸ: ಪೂರ್ವವಿದ್ಯಾರ್ಥಿನಿಯರು ತಮ್ಮ ಮಕ್ಕಳೊಡನೆ ಕುಳಿತು ಮಾಡಿ ನೋಡಲಿ. ಅ = 0.5 ಆದಾಗ ಬಿಸಿ ಅರ್ಧಕ್ಕಿಳಿಯುವ ಕಾಲವೆಷ್ಟು? ಆ ಹೊತ್ತಿಗೆ ಯ = 0.389 ಎಂದು ಕೊಟ್ಟಿದೆ. ಒಂದು ಮತ್ತು ಎರಡು ತಿದ್ದುಪಡಿಗಳ ಕ್ಷೋಭಾಕ್ರಮದಿಂದಲೂ, ಒಂದು ತಿದ್ದುಪಡಿಯ ಲಿಯಾವೋ ಕ್ರಮದಿಂದಲೂ ಬರುವ ಉತ್ತರಗಳೇನು? ಯಾವುದು ನಿಜಕ್ಕೆ ಹತ್ತಿರ?

ಉತ್ತರ: ಕಾಲ 0.943, ಕ್ಷೋಭಾಕ್ರಮದಿಂದ 0.508 ಮತ್ತು 0.503; ಲಿಯಾವೋ ಕ್ರಮದಿಂದ 0.469. ಕೊನೆಯ ಪ್ರಶ್ನೆಯ ಉತ್ತರವನ್ನು ವಾಚಕರಿಗೇ ಬಿಟ್ಟಿದ್ದೇವೆ.